ದೂರವಾಣಿಯ ವಂಚನೆ ಮತ್ತು ನಮ್ಮ ಮನೆಯ ಹಿರಿಯರು

ರಾತ್ರಿ ಬಾಗಿಲಿಗೆ ಅಗಳಿ ಹಾಕಿ, ತಿಜೋರಿಯ ಕೀಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಕಳ್ಳನು ಕತ್ತಲೆಯಲ್ಲಿ ಬರುವನು, ಗೋಡೆಗೆ ಕನ್ನ ಹಾಕುವನು ಎಂಬುದು ಅವರು ಬಾಲ್ಯದಲ್ಲಿ ಪಡೆದ ತಿಳಿವಳಿಕೆ. ಈಗಿನ ಕಳ್ಳನಾದರೋ ಹಾಡುಹಗಲಿನಲ್ಲಿಯೇ ಬರುತ್ತಾನೆ. ನಮಸ್ಕಾರವೆಂದು ಮಾತು ತೆಗೆಯುತ್ತಾನೆ. ಹೆಸರು ಹಿಡಿದು ಕರೆಯುತ್ತಾನೆ. ಕೊನೆಗೆ ಮನೆಯವರ ಕೈಯಿಂದಲೇ ಬೀಗವನ್ನು ತೆಗೆಸುತ್ತಾನೆ. ಅಗಳಿಯೂ ಬೀಗವೂ ತಡೆಯಲಾರದ ಈ ಕಳ್ಳತನವನ್ನು ತಡೆಯುವ ಬಗೆ ಯಾವುದು ಎಂಬುದು ಪ್ರಸ್ತುತ ಲೇಖನದ ವಿಷಯ.

ವಿಷಯವು ಎಷ್ಟು ಗುರುತರವಾದುದೆಂಬುದನ್ನು ಎರಡು ಅಂಕಿಗಳು ಹೇಳುತ್ತವೆ. ಕೇಂದ್ರ ಗೃಹ ಸಚಿವಾಲಯವು ಲೋಕಸಭೆಗೆ ನೀಡಿದ ಮಾಹಿತಿಯಂತೆ, ಸೈಬರ್ ವಂಚನೆಯಿಂದ ದೇಶದ ಜನರು 2023ರಲ್ಲಿ 7,465 ಕೋಟಿ ರೂಪಾಯಿಗಳನ್ನೂ, 2024ರಲ್ಲಿ 22,845 ಕೋಟಿ ರೂಪಾಯಿಗಳನ್ನೂ ಕಳೆದುಕೊಂಡರು. ಒಂದೇ ವರ್ಷದಲ್ಲಿ ನಷ್ಟವು ಮೂರು ಪಟ್ಟಾಯಿತು.

ಅಂಕಿಗಳಿಗಿಂತ ಹೆಚ್ಚಾಗಿ ಮನಸ್ಸನ್ನು ಕಲಕುವ ಘಟನೆಯೊಂದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ನಡೆದಿದೆ. 2025ರ ಮಾರ್ಚ್ ತಿಂಗಳಿನಲ್ಲಿ ಖಾನಾಪುರ ತಾಲೂಕಿನ ಹಳ್ಳಿಯೊಂದರಲ್ಲಿ, ಎಂಬತ್ತರ ಆಸುಪಾಸಿನ ದಂಪತಿಗಳು ಇಂತಹ ವಂಚಕರ ಕೈಗೆ ಸಿಕ್ಕರು. ದಿಲ್ಲಿಯ ಅಧಿಕಾರಿಗಳೆಂದು ಹೇಳಿಕೊಂಡವರ ಬೆದರಿಕೆಗೆ ಅಂಜಿ ಐವತ್ತು ಲಕ್ಷಕ್ಕೂ ಮಿಕ್ಕಿದ ಹಣವನ್ನು ಕಳಿಸಿದರು. ಬೆದರಿಕೆ ನಿಲ್ಲಲಿಲ್ಲ. ಇಬ್ಬರೂ ಪ್ರಾಣವನ್ನೇ ಕಳೆದುಕೊಂಡರು. ಸಾಲ ಮಾಡಿಯಾದರೂ ಬದುಕಬಹುದು. ಮಾನ ಹೋಯಿತೆಂಬ ಭಾವನೆ ಬಂದ ಮೇಲೆ ಹಿರಿಯ ಜೀವಕ್ಕೆ ಬದುಕು ಕಷ್ಟ. ಈ ಮಾತನ್ನು ಮುಂದಿನ ಎಲ್ಲ ವಿಚಾರದಲ್ಲಿಯೂ ನಾವು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ವಂಚನೆಯ ಕ್ರಮ

ವಂಚಕರ ಮಾತು ಬಗೆಬಗೆಯದಾದರೂ ಅದರ ಮೆಟ್ಟಿಲುಗಳು ಮೂರೇ: ಅಂಜಿಕೆ ಅಥವಾ ಆಸೆ, ಅವಸರ, ಗುಟ್ಟು.

ಮೊದಲನೆಯದು ಅಂಜಿಕೆ. "ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ಪದಾರ್ಥ ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆಯಿಂದ ಕಳ್ಳ ವ್ಯವಹಾರ ನಡೆದಿದೆ" ಎಂದು ಹೇಳಲಾಗುತ್ತದೆ. ಬಳಿಕ ವಾಟ್ಸಾಪಿನ ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರ ಧರಿಸಿದವನು, ಹಿಂದೆ ಠಾಣೆಯಂತಹ ಕೋಣೆ, ಮೊಹರು ಹಾಕಿದ ಕಾಗದ ಕಾಣಿಸುತ್ತವೆ. ಇದಕ್ಕೆ "ಡಿಜಿಟಲ್ ಅರೆಸ್ಟ್" ಎಂದು ಹೆಸರು. ಕೆಲವೊಮ್ಮೆ ಅಂಜಿಕೆಯ ಸ್ಥಾನದಲ್ಲಿ ಆಸೆ ಇರುತ್ತದೆ: ಶೇರುಗಳಲ್ಲಿ ದುಪ್ಪಟ್ಟು ಲಾಭ, ಲಾಟರಿ, ಸರಕಾರದ ಸಹಾಯಧನ.

ಎರಡನೆಯದು ಅವಸರ. "ಇನ್ನು ಎರಡು ತಾಸಿನಲ್ಲಿ ಖಾತೆ ಬಂದ್ ಆಗುತ್ತದೆ, ಸಂಜೆಯೊಳಗೆ ವಾರಂಟ್ ಬರುತ್ತದೆ" ಎಂಬ ಗಡುವು. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ತಾಳ್ಮೆಯಿಂದ ಯೋಚಿಸುವವನನ್ನು ವಂಚಿಸುವುದು ಕಷ್ಟವೆಂದು ಬಲ್ಲದ್ದರಿಂದಲೇ ವಂಚಕನು ತಾಳಲು ಬಿಡುವುದಿಲ್ಲ.

ಮೂರನೆಯದು ಗುಟ್ಟು. "ಮಕ್ಕಳಿಗೆ ಹೇಳಿದರೆ ಅವರನ್ನೂ ಹಿಡಿಯುತ್ತೇವೆ, ಕರೆಯನ್ನು ಕಡಿಯಬೇಡಿ" ಎಂದು ಆಜ್ಞೆ. ಈ ಮೂರರಲ್ಲಿ ಅತಿ ಅಪಾಯಕರವಾದುದು ಇದೇ. ಮಗನೋ ಸೊಸೆಯೋ ಒಂದು ಮಾತು ಕೇಳಿದ್ದರೆ ಬಲೆಯೆಲ್ಲ ಹರಿದುಹೋಗುತ್ತದೆ ಎಂಬುದನ್ನು ಬಲ್ಲ ವಂಚಕನು ಮೊಟ್ಟಮೊದಲು ಹಿರಿಯರನ್ನು ಅವರ ಮನೆಯವರಿಂದಲೇ ಬೇರ್ಪಡಿಸುತ್ತಾನೆ.

ನಮ್ಮ ದೇಶದ ಕಾನೂನಿನಲ್ಲಿ ದೂರವಾಣಿಯ ಮೂಲಕ ಬಂಧಿಸುವ ಪದ್ಧತಿಯೇ ಇಲ್ಲ. ಯಾವ ಪೊಲೀಸ್ ಅಧಿಕಾರಿಯೂ, ಯಾವ ನ್ಯಾಯಾಲಯವೂ "ತಪಾಸಣೆಗಾಗಿ ಹಣವನ್ನು ಈ ಖಾತೆಗೆ ಕಳಿಸಿರಿ" ಎಂದು ಕೇಳುವುದಿಲ್ಲ. 2024ರ ಅಕ್ಟೋಬರ್ 27ರ "ಮನ್ ಕೀ ಬಾತ್" ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ವಿಷಯವನ್ನೇ ಎತ್ತಿಕೊಂಡು, ನಿಲ್ಲಿರಿ, ಯೋಚಿಸಿರಿ, ಆಮೇಲೆ ಕ್ರಮ ಕೈಕೊಳ್ಳಿರಿ ಎಂದು ಜನತೆಗೆ ತಿಳಿಸಿದರು. ಹರಿಯಾಣದ ಅಂಬಾಲಾ ನಗರದ ವೃದ್ಧ ದಂಪತಿಗಳನ್ನು ನ್ಯಾಯಾಲಯದ ಖೋಟಾ ಆದೇಶ ತೋರಿಸಿ ವಂಚಿಸಿದ ಪ್ರಕರಣವನ್ನು 2025ರ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಂಡು, ಅದೇ ವರ್ಷದ ಡಿಸೆಂಬರ್ 1ರಂದು ಇಂತಹ ಪ್ರಕರಣಗಳ ತನಿಖೆಯನ್ನು ಕೇಂದ್ರೀಯ ತನಿಖಾ ದಳಕ್ಕೆ ಒಪ್ಪಿಸಿತು.

ನಮ್ಮ ಭಾಗದ ವಿಶೇಷ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಿರಿಯರ ವಿಷಯದಲ್ಲಿ ಕೆಲವು ಸಂಗತಿಗಳನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಇದು ಗಡಿನಾಡು. ನಮ್ಮವರ ಬೀಗತನ, ವ್ಯಾಪಾರ, ದವಾಖಾನೆ ಎಲ್ಲವೂ ಮಿರಜ, ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಗಳವರೆಗೆ ಹಬ್ಬಿವೆ. 1956ರವರೆಗೆ ಈ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿಯೇ ಇದ್ದಿತು. ಆದುದರಿಂದ "ಮುಂಬಯಿ ಪೊಲೀಸ" ಎಂಬ ಮಾತು ಎಂಬತ್ತು ವಯಸ್ಸಿನ ಅಜ್ಜನಿಗೆ ದೂರದ ಮಾತಲ್ಲ, ಬಾಲ್ಯದಲ್ಲಿ ಕೇಳಿದ ಸರಕಾರದ ಹೆಸರು. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಹಿರಿಯರಿಗೆ, ಬಿರುಸಾದ ಹಿಂದಿಯಲ್ಲಿ ಗದರಿಸುವ ಧ್ವನಿಯು ಅಧಿಕಾರದ ಧ್ವನಿಯಾಗಿಯೇ ಕೇಳಿಸುತ್ತದೆ. ಅರ್ಧ ತಿಳಿದ ಭಾಷೆಯಲ್ಲಿ ಎದುರು ಪ್ರಶ್ನೆ ಕೇಳುವುದು ಕಠಿಣ. ಹೂಂ ಎನ್ನುವುದು ಸುಲಭ.

ಎರಡನೆಯದಾಗಿ, ಇಂದು ಬಡವರ ಹಣವೂ ಬ್ಯಾಂಕಿನ ಖಾತೆಗೇ ಬರುತ್ತದೆ. ಕಬ್ಬಿನ ಬಿಲ್ಲು, ಬೀಡಿ ಕಟ್ಟುವ ತಾಯಂದಿರ ಭವಿಷ್ಯನಿಧಿ, 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ಕಂತು, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ, ನಿವೃತ್ತ ಶಿಕ್ಷಕರ ಪಿಂಚಣಿ. ಇವುಗಳಲ್ಲಿ ಪ್ರತಿಯೊಂದರ ಹೆಸರಿನಲ್ಲಿಯೂ ಒಂದು ವಂಚನೆ ಹುಟ್ಟಿಕೊಂಡಿದೆ. ಯೋಜನೆಯ ಹೆಸರು ಹೊತ್ತ ಎ.ಪಿ.ಕೆ. ಫೈಲು ವಾಟ್ಸಾಪಿನಲ್ಲಿ ಬರುತ್ತದೆ. ಮದುವೆಯ ಆಮಂತ್ರಣವೆಂದೂ, ವಾಹನದ ದಂಡದ ರಸೀದಿಯೆಂದೂ ಬರುವುದುಂಟು. ಅದನ್ನು ಒತ್ತಿ ಮೊಬೈಲಿನಲ್ಲಿ ಸೇರಿಸಿಕೊಂಡರೆ ಸಂದೇಶಗಳೆಲ್ಲ, ಓಟಿಪಿ ಸಹಿತವಾಗಿ, ಪರರ ಕೈಸೇರುತ್ತವೆ. ನವೆಂಬರ್ ತಿಂಗಳಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡುವ ಹೊತ್ತಿಗೆ, "ಪ್ರಮಾಣಪತ್ರ ಮುಟ್ಟಿಲ್ಲ, ಪಿಂಚಣಿ ನಿಲ್ಲುತ್ತದೆ" ಎಂಬ ಕರೆಗಳು ಬರುತ್ತವೆ.

ಮೂರನೆಯದಾಗಿ, ನಮ್ಮ ಮಕ್ಕಳು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿದ್ದಾರೆ, ತಂದೆತಾಯಿಗಳು ಊರಿನಲ್ಲಿದ್ದಾರೆ. "ನಿಮ್ಮ ಮಗನಿಗೆ ಅಪಘಾತವಾಗಿದೆ, ಕೂಡಲೇ ಹಣ ಹಾಕಿರಿ" ಎಂಬ ಕರೆಗೆ ಯಾವ ತಾಯಿಯ ಎದೆ ನಿಲ್ಲುತ್ತದೆ? ಈಗಂತೂ ಯಂತ್ರದ ನೆರವಿನಿಂದ ಮಗನ ಧ್ವನಿಯನ್ನೇ ಅನುಕರಿಸಲು ಸಾಧ್ಯವಾಗಿದೆ.

ವಂಚಕರು ಎಲ್ಲಿಯೋ ದೂರದವರು ಎಂದು ಭಾವಿಸುವಂತೆಯೂ ಇಲ್ಲ. 2025ರ ನವೆಂಬರಿನಲ್ಲಿ ಅಮೆರಿಕೆಯ ನಾಗರಿಕರನ್ನು ವಂಚಿಸುತ್ತಿದ್ದ ನಕಲಿ ಕಾಲ್ ಸೆಂಟರೊಂದನ್ನು ಪೊಲೀಸರು ಬೆಳಗಾವಿ ನಗರದಲ್ಲಿಯೇ ಹಿಡಿದರು. ಅಲ್ಲಿಯ ವೃದ್ಧರಿಗೆ ಇಲ್ಲಿಂದ, ಇಲ್ಲಿಯ ವೃದ್ಧರಿಗೆ ಬೇರೆಲ್ಲಿಂದಲೋ ಕರೆ ಹೋಗುತ್ತದೆ.

ಮನೆಯಲ್ಲಿ ಮಾಡತಕ್ಕದ್ದು

ಹಲವರು ಮಾಡುವ ಮೊದಲ ತಪ್ಪು ಯಾವುದೆಂದರೆ, ಹಿರಿಯರ ಕೈಯಿಂದ ಮೊಬೈಲನ್ನೇ ಕಸಿದುಕೊಳ್ಳುವುದು. ಜೀವನವಿಡೀ ಸಂಸಾರದ ಲೆಕ್ಕ ನೋಡಿದವರಿಗೆ ಅದು ಅವಮಾನ. ಅವರ ಹಣ ಅವರದು, ಕಾಯಕದಿಂದ ಗಳಿಸಿದ್ದು. ರಕ್ಷಣೆಯ ಹೆಸರಿನಲ್ಲಿ ಆ ಅಧಿಕಾರವನ್ನು ಕಿತ್ತುಕೊಳ್ಳುವುದೂ ಒಂದು ರೀತಿಯ ಅಪಹರಣವೇ ಸರಿ. ಅವರೊಡನೆ ಕುಳಿತು, ಅವರ ಸಮ್ಮತಿಯಿಂದ ಕೆಳಗಿನ ಏರ್ಪಾಡುಗಳನ್ನು ಮಾಡಬೇಕು.

1. ಹಣ ಕೇಳುವ ಯಾವ ಕರೆ ಬಂದರೂ ಮೊದಲು ಕರೆಯನ್ನು ಕಡಿಯುವುದು. ಬಳಿಕ ಗೊತ್ತು ಮಾಡಿದ ಒಬ್ಬ ಮನೆಯವರಿಗೆ ತಿಳಿಸುವುದು. ಆ ಒಬ್ಬರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿ, ಅವರ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

2. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುರುತಿನ ಮಾತನ್ನು ಇಟ್ಟುಕೊಳ್ಳುವುದು. ಹಿಂದೆ ಮನೆಯಲ್ಲಿದ್ದ ಎತ್ತಿನ ಹೆಸರಾದರೂ ಸಾಕು. "ಅವ್ವಾ, ನಾ ಅಡಚಣಿಯೊಳಗ ಅದೀನಿ" ಎಂದು ಯಾರೇ ಹೇಳಲಿ, ಆ ಮಾತನ್ನು ಕೇಳಿದ ಮೇಲೆಯೇ ಮುಂದಿನ ಮಾತು.

3. ಹಣ ಪಡೆಯಲು ಯು.ಪಿ.ಐ. ಪಿನ್ ಬೇಕಾಗುವುದಿಲ್ಲ, ಕೊಡುವಾಗ ಮಾತ್ರ ಬೇಕು. ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಬೇಕು. ಓಟಿಪಿಯನ್ನು ಬ್ಯಾಂಕಿನವರೂ ಕೇಳುವುದಿಲ್ಲ.

4. ಮೊಬೈಲಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಹಣವಿಟ್ಟು, ಉಳಿದುದನ್ನು ಬೇರೆ ಖಾತೆಯಲ್ಲಿಡುವುದು. ದಿನದ ವ್ಯವಹಾರದ ಮಿತಿಯನ್ನು ಬ್ಯಾಂಕಿನಲ್ಲಿ ಹೇಳಿ ಕಡಿಮೆ ಮಾಡಿಸುವುದು. ಆಧಾರದ ಹೆಬ್ಬೆಟ್ಟಿನ ಗುರುತಿಗೆ ಬೀಗ ಹಾಕುವ ಸೌಲಭ್ಯವೂ ಉಂಟು.

5. ಬ್ಯಾಂಕಿನ ಶಾಖೆಯ ವ್ಯವಸ್ಥಾಪಕರಿಗೆ ಹಿರಿಯರ ಪರಿಚಯ ಮಾಡಿಕೊಡುವುದು. ಅಜ್ಜನು ಗಾಬರಿಯಿಂದ ಬಂದು ಠೇವಣಿಯನ್ನು ಮುರಿಸಲು ಕೇಳಿದಾಗ, "ಯಾಕ್ರೀ ಅಜ್ಜಾರ, ಮನ್ಯಾಗ ಹೇಳೀರೇನು?" ಎಂದು ಕೇಳುವ ಒಬ್ಬ ಸಿಬ್ಬಂದಿಯು ಜೀವಮಾನದ ಗಳಿಕೆಯನ್ನು ಉಳಿಸಬಲ್ಲನು.

ಹಣ ಹೋದ ಮೇಲೆ

ಇಷ್ಟಾದರೂ ವಂಚನೆ ನಡೆದೇಹೋದರೆ, ಮೊದಲ ಕೆಲವು ತಾಸುಗಳೇ ಮುಖ್ಯ. ಕೂಡಲೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಜೊತೆಗೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗನೆ ಸಾಗಿಸುತ್ತಾರೆ. 1930ಕ್ಕೆ ಮುಟ್ಟಿದ ದೂರು ಆಯಾ ಬ್ಯಾಂಕುಗಳಿಗೆ ರವಾನೆಯಾಗಿ, ಹಣವು ಆ ಹೊತ್ತಿಗೆ ಯಾವ ಖಾತೆಯಲ್ಲಿದೆಯೋ ಅಲ್ಲಿಯೇ ತಡೆಹಿಡಿಯಲ್ಪಡುತ್ತದೆ. ತಡವಾದಷ್ಟೂ ಕೈಗೆ ಸಿಗುವುದು ಕಡಿಮೆ. ಹಣ ಕಳಿಸಿದ ವೇಳೆ, ಮೊತ್ತ, ವ್ಯವಹಾರದ ಸಂಖ್ಯೆ, ಕರೆ ಬಂದ ಸಂಖ್ಯೆ ಇವನ್ನು ಬರೆದಿಟ್ಟುಕೊಂಡಿರಬೇಕು, ಸಂದೇಶಗಳನ್ನು ಅಳಿಸಬಾರದು. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿಯೂ, ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು.

ಗಡಿಭಾಗದವರು ಇನ್ನೊಂದನ್ನು ತಿಳಿದಿರಬೇಕು. ಖಾತೆ ಮಿರಜದಲ್ಲಿದೆ, ವಾಸ ಕಾಗವಾಡದಲ್ಲಿದೆ, ಕರೆ ಎಲ್ಲಿಂದಲೋ ಬಂದಿದೆ ಎಂದು ದೂರು ಕೊಡಲು ಹಿಂಜರಿಯಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು.

ಬ್ಯಾಂಕಿಗೆ ಬೇಗ ತಿಳಿಸುವುದರಿಂದ ಹಕ್ಕಿನ ರಕ್ಷಣೆಯೂ ಆಗುತ್ತದೆ. ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲವೆಂದು ರಿಜರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಗ್ರಾಹಕನೇ ಗುಟ್ಟಿನ ಸಂಖ್ಯೆಯನ್ನು ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದೂ ಹೇಳಿತು. ಹೋದ ಹಣವನ್ನು ಮರಳಿ ಕೊಡಿಸುತ್ತೇವೆಂದು "ಶುಲ್ಕ" ಕೇಳಿ ಬರುವ ಎರಡನೆಯ ವಂಚಕನ ಬಗೆಗೂ ಎಚ್ಚರ ಬೇಕು.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹಣ ಕಳೆದುಕೊಂಡ ಹಿರಿಯರನ್ನು ಬೈಯಬಾರದು. "ಇಷ್ಟು ವಯಸ್ಸಾದರೂ ಬುದ್ಧಿ ಇಲ್ಲವೇ" ಎಂಬ ಒಂದು ಮಾತು, ಮುಂದಿನ ಸಲ ಅವರ ಬಾಯಿಯನ್ನು ಕಟ್ಟಿಬಿಡುತ್ತದೆ. ನೆರೆಮನೆಯ ಹಿರಿಯರ ಬಾಯಿಯನ್ನೂ ಕಟ್ಟುತ್ತದೆ. ಓದಿದವರೂ, ನಿವೃತ್ತ ಅಧಿಕಾರಿಗಳೂ, ವೈದ್ಯರೂ ಮೋಸಹೋಗಿದ್ದಾರೆ. "ಅಜ್ಜಾ, ರೊಕ್ಕ ಹೋದ್ರ ಹೋಗ್ಲಿ, ನೀ ಹೆದರಬ್ಯಾಡ, ನಾವು ಅದೀವಿ" ಎಂದು ಮೊಮ್ಮಗನು ಹೇಳುವ ಮಾತಿನಲ್ಲಿ ಸಾವಿರ ಎಚ್ಚರಿಕೆಗಳಿಗಿಂತ ಹೆಚ್ಚಿನ ಬಲವಿದೆ. ಮನೆಯವರ ಕೋಪಕ್ಕೆ ಅಂಜುವ ಹಿರಿಯರು ವಂಚಕನ ಗುಟ್ಟನ್ನು ಕಾಪಾಡುತ್ತಾರೆ. ಅಂಜದವರು ಅದನ್ನು ಮೊದಲ ದಿನವೇ ಹೇಳುತ್ತಾರೆ.

ಶಾಲೆಯ ಪಾತ್ರ

ಈ ಕಾರ್ಯದಲ್ಲಿ ಶಾಲೆಯು ಮಾಡಬಹುದಾದುದು ಬಹಳ. ಮನೆಯಲ್ಲಿ ಅಜ್ಜಿಗೆ ಮೊಬೈಲಿನ ಅಕ್ಷರ ಓದಿ ಹೇಳುವವರು ನಮ್ಮ ವಿದ್ಯಾರ್ಥಿಗಳೇ. ಪ್ರೌಢಶಾಲೆಯ ತರಗತಿಯಲ್ಲಿ ತಿಂಗಳಿಗೊಂದು ತಾಸು, ಒಬ್ಬ ವಿದ್ಯಾರ್ಥಿ ವಂಚಕನಾಗಿಯೂ ಇನ್ನೊಬ್ಬನು ಅಜ್ಜನಾಗಿಯೂ ಸಂಭಾಷಣೆ ಮಾಡಿ ತೋರಿಸಲಿ. ಅಂಜಿಕೆ, ಅವಸರ, ಗುಟ್ಟು ಇವು ಎಲ್ಲೆಲ್ಲಿ ಬಂದವೆಂಬುದನ್ನು ಉಳಿದವರು ಗುರುತಿಸಲಿ. ಅದೇ ಸಂಭಾಷಣೆಯನ್ನು ಮಕ್ಕಳು ಮನೆಯಲ್ಲಿ ಹಿರಿಯರ ಮುಂದೆ ಆಡಿ ತೋರಿಸಲಿ. ಉಪದೇಶದಿಂದ ಆಗದುದು ಇಂತಹ ಆಟದಿಂದ ಆಗುತ್ತದೆ.

ಮೇಲಿನ ತರಗತಿಯವರಿಗೆ ಇನ್ನೊಂದು ಪಾಠ ಅವಶ್ಯ. "ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಡು, ಕಮಿಶನ್ ಕೊಡುತ್ತೇವೆ" ಎಂದು ತರುಣರನ್ನು ಕೇಳುವವರಿದ್ದಾರೆ. ಕದ್ದ ಹಣ ಸಾಗುವುದು ಇಂತಹ ಬಾಡಿಗೆಯ ಖಾತೆಗಳ ಮೂಲಕವೇ. ಐದಾರು ಸಾವಿರದ ಆಸೆಗೆ ಖಾತೆ ಕೊಟ್ಟ ಹುಡುಗನು ಅಪರಾಧದಲ್ಲಿ ಪಾಲುದಾರನಾಗಿ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಯಾರದೋ ಅಜ್ಜನ ಕಣ್ಣೀರು ಆ ಕಮಿಶನ್ನಿನಲ್ಲಿದೆ ಎಂಬುದನ್ನು ಅವನಿಗೆ ಶಾಲೆಯಲ್ಲಿಯೇ ತಿಳಿಸಬೇಕು.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ವಿಜ್ಞಾಪನೆ. ಗುರುಗಳ, ಮಠಗಳ, ಶಾಲೆಗಳ ಹೆಸರನ್ನೂ ಭಾವಚಿತ್ರವನ್ನೂ ಹಾಕಿಕೊಂಡು ದೇಣಿಗೆ ಕೇಳುವ ನಕಲಿ ಸಂದೇಶಗಳು ಬರುವ ಕಾಲವಿದು. ದಾನಬುದ್ಧಿಯನ್ನು ಬಿಡಬೇಕಾಗಿಲ್ಲ, ಸಂಸ್ಥೆಯ ಕಾರ್ಯಾಲಯಕ್ಕೆ ತಾವೇ ಕರೆ ಮಾಡಿ ಖಾತ್ರಿ ಮಾಡಿಕೊಂಡು, ರಸೀದಿ ಪಡೆದು ಕೊಡಬೇಕು. ದೂರದ ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ, ಅರ್ಧ ತಾಸು ತಂದೆತಾಯಿಗಳ ಬಳಿ ಕುಳಿತು ಮೇಲೆ ಹೇಳಿದ ಐದು ಏರ್ಪಾಡುಗಳನ್ನು ಪೂರೈಸಿ ಹೋಗಲಿ. ಆಮೇಲೆ ದಿನಕ್ಕೊಮ್ಮೆ ಅವರೊಡನೆ ಮಾತನಾಡಲಿ. ದಿನವೂ ಮಗನ ಧ್ವನಿ ಕೇಳುವ ತಾಯಿಯಲ್ಲಿ ವಂಚಕನ ಗುಟ್ಟು ಒಂದು ಸಂಜೆಗಿಂತ ಹೆಚ್ಚು ಕಾಲ ಉಳಿಯಲಾರದು.