ನಿರಾಶ್ರಿತ ಮಹಿಳೆಗೂ ನ್ಯಾಯ ಕೇಳುವ ಹಕ್ಕಿದೆ

1998ರಲ್ಲಿ ಹೌರಾ ರೈಲು ನಿಲ್ದಾಣದ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ವಿದೇಶಿ, ಪರಿಹಾರ ಕೊಡಬೇಕಿಲ್ಲ ಎಂದು ರೈಲ್ವೆ ವಾದಿಸಿತು. 2000ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಹೈಕೋರ್ಟ್ ಆದೇಶಿಸಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಸಂವಿಧಾನದ 21ನೇ ವಿಧಿಯ ರಕ್ಷಣೆ ಈ ನೆಲದಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಇದೆ. ಜೀವಭಯದಿಂದ ಓಡಿಬಂದ ನಿರಾಶ್ರಿತ ಮಹಿಳೆಯೂ ಅದರಿಂದ ಹೊರತಲ್ಲ.

ಆಶ್ರಯ ಕೋರುವಾಗ

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರ ವಿಚಾರವನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಗಾನಿಸ್ತಾನ, ಮ್ಯಾನ್ಮಾರ್ ಮುಂತಾದ ಕಡೆಯಿಂದ ಬಂದವರ ಅರ್ಜಿಗಳನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಪರಿಶೀಲಿಸುತ್ತದೆ. ಅದು ಕೊಡುವ ಕಾರ್ಡ್ ವೀಸಾಕ್ಕೆ ಸಮವಲ್ಲ ಎಂಬುದು ನೆನಪಿರಲಿ.

ಗಂಡನ ಅರ್ಜಿಯಲ್ಲಿ ಹೆಂಡತಿಯ ಹೆಸರು ಸೇರಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಅತ್ಯಾಚಾರ, ಬಲವಂತದ ಮದುವೆ, ಮರ್ಯಾದೆಯ ಹೆಸರಿನಲ್ಲಿ ಕೊಲೆ ಬೆದರಿಕೆ ಇವೂ ಆಶ್ರಯಕ್ಕೆ ಆಧಾರವಾಗಬಲ್ಲವು. ಇಂಥ ಸಂಗತಿಗಳನ್ನು ಗಂಡನ, ಮಕ್ಕಳ ಎದುರು ಬಾಯಿಬಿಟ್ಟು ಹೇಳುವುದು ಕಷ್ಟ. ಆದ್ದರಿಂದ ತನ್ನನ್ನು ಒಬ್ಬಳನ್ನೇ ಸಂದರ್ಶಿಸಬೇಕು, ಅಧಿಕಾರಿಯೂ ದುಭಾಷಿಯೂ ಮಹಿಳೆಯರಾಗಿರಬೇಕು ಎಂದು ಆಕೆ ಮೊದಲೇ ಕೇಳಿಕೊಳ್ಳಬೇಕು.

ದೌರ್ಜನ್ಯ ನಡೆದಾಗ

ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಲೈಂಗಿಕ ಅಪರಾಧವಾದರೆ ಆಕೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅತ್ಯಾಚಾರ ಸಂತ್ರಸ್ತೆಗೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡೂ ತಕ್ಷಣ ಉಚಿತ ಚಿಕಿತ್ಸೆ ನೀಡಲೇಬೇಕು. ನಿರಾಕರಿಸಿದರೆ ಅದೇ ಅಪರಾಧ.

ಬಂಧಿಸಿದಾಗ

ದಾಖಲೆಯಿಲ್ಲ ಎಂಬ ಕಾರಣಕ್ಕೆ ಬಂಧಿಸಿದರೂ ಕಾರಣ ತಿಳಿಸಬೇಕು, ವಕೀಲರ ನೆರವಿಗೆ ಅವಕಾಶ ಕೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭದಲ್ಲಿ, ಅದೂ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಾಗ ಹೊರತು, ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸುವಂತಿಲ್ಲ.

ಎಲ್ಲಿಗೆ ಹೋಗಬೇಕು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಗೆ ಉಚಿತ ವಕೀಲರ ನೆರವು ಸಿಗುತ್ತದೆ. ಆದಾಯದ ಮಿತಿಯಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112.

ಭಾಷೆ ಬಾರದ, ಪೊಲೀಸರೆಂದರೆ ಹೆದರುವ ಇಂಥ ಹೆಣ್ಣುಮಗಳು ನಿಮ್ಮ ಬಡಾವಣೆಯಲ್ಲಿದ್ದರೆ ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಡಿ. ಮೊದಲ ಸಲ ಪ್ರಾಧಿಕಾರದ ಕಚೇರಿಗೆ ಆಕೆಯ ಜೊತೆ ನೀವೂ ಹೋಗಿ.