ಗುರುವಿನ ಹೆಸರು

ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದ ಪ್ರತಿಭಾವಂತರನ್ನು ಸನ್ಮಾನಿಸುವ ಪದ್ಧತಿ ಅನೇಕ ನಾಡುಗಳಲ್ಲಿ ಉಂಟು. ಆದರೆ ಹಣ್ಣನ್ನು ಕೊಂಡಾಡುವವರು ಗಿಡಕ್ಕೆ ನೀರೆರೆದವರನ್ನು ನೆನೆಯುವುದು ಅಪರೂಪ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1964ರಲ್ಲಿ ಇಂತಹ ವಿದ್ಯಾರ್ಥಿಗಳಿಗೆ ‘ಅಧ್ಯಕ್ಷೀಯ ವಿದ್ವಾಂಸ’ ಎಂಬ ಗೌರವವನ್ನು ಸ್ಥಾಪಿಸಿದರು. ಆಯ್ಕೆಯಲ್ಲಿ ಅಂಕಗಳೊಡನೆ ಶೀಲ, ನಾಯಕತ್ವ, ಸಮಾಜಸೇವೆಗಳನ್ನೂ ಪರಿಗಣಿಸಲಾಯಿತು. 1979ರಲ್ಲಿ ಕಲಾಪ್ರತಿಭೆಗೂ, 2015ರಲ್ಲಿ ವೃತ್ತಿಶಿಕ್ಷಣಕ್ಕೂ ಈ ಮನ್ನಣೆ ವಿಸ್ತರಿಸಿತು. ಇದರೊಡನೆ ಮತ್ತೊಂದು ಸತ್ಸಂಪ್ರದಾಯವೂ ಬೆಳೆಯಿತು. ಆಯ್ಕೆಯಾದ ವಿದ್ಯಾರ್ಥಿಯು ತನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದ ಗುರುವನ್ನು ಹೆಸರಿಸಬೇಕು. ಆ ಗುರುವಿಗೂ ಗೌರವ ಸಲ್ಲಬೇಕು.

ಇದರ ಹಿರಿಮೆ ಸಾಮಾನ್ಯವಾದುದಲ್ಲ. ಅಧಿಕಾರಿಗಳು ಶಿಕ್ಷಕನನ್ನು ಆರಿಸುವಾಗ ಅವನ ಸೇವಾದಾಖಲೆಯನ್ನು ನೋಡುತ್ತಾರೆ. ಶಿಷ್ಯನಾದರೋ, ತನ್ನ ಬಾಳನ್ನೇ ನೋಡಿಕೊಂಡು ಹೇಳುತ್ತಾನೆ.

ಜಾನ್ಸನ್ನರೂ ಹಿಂದೆ ಉಪಾಧ್ಯಾಯರಾಗಿದ್ದವರು. 1928ರಲ್ಲಿ ಟೆಕ್ಸಸ್ ರಾಜ್ಯದ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕೋ ಮೂಲದ ಬಡಮಕ್ಕಳಿಗೆ ಪಾಠ ಹೇಳಿದ್ದರು. 1965ರಲ್ಲಿ ಶಾಲೆಗಳಿಗೆ ಕೇಂದ್ರ ಸರ್ಕಾರದ ಧನಸಹಾಯ ಒದಗಿಸುವ ಮಹತ್ವದ ಶಾಸನವೊಂದು ಸಿದ್ಧವಾಯಿತು. ಅದಕ್ಕೆ ಅವರು ರಾಜಧಾನಿಯ ಅರಮನೆಯಂತಹ ಭವನದಲ್ಲಿ ಸಹಿ ಹಾಕಲಿಲ್ಲ. ನಾಲ್ಕನೆಯ ವಯಸ್ಸಿನಲ್ಲಿ ತಾವು ಕಲಿತ ಹಳ್ಳಿಯ ಪುಟ್ಟ ಶಾಲೆಯ ಬಳಿಗೆ ಬಂದರು. ತಮ್ಮ ಮೊದಲ ಗುರು ಕೇಟ್ ಲೋನಿ ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಅಂಕಿತ ಹಾಕಿದರು.

ಅಂಕಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರಿರುತ್ತದೆ, ಶಾಲೆಯ ಹೆಸರಿರುತ್ತದೆ. ಕಲಿಸಿದ ಗುರುವಿನ ಹೆಸರಿಗೆ ಅಲ್ಲಿ ಸ್ಥಳವಿಲ್ಲ. ಅದನ್ನು ಲೋಕಕ್ಕೆ ತಿಳಿಸುವ ಹೊಣೆ ಶಿಷ್ಯನದು.