ಮರ ಕೊಯ್ಯುವ ಯಂತ್ರಕ್ಕೂ ಕಳೆ ಹೊಡೆಯುವ ಯಂತ್ರಕ್ಕೂ ಹಾಕುವ ಪೆಟ್ರೋಲಿನ ವಿಚಾರ

ಮಲೆನಾಡಿನ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ಕತ್ತಿ, ಕೊಡಲಿ, ಗರಗಸಗಳ ಜೊತೆಗೆ ಪೆಟ್ರೋಲಿನಿಂದ ನಡೆಯುವ ಚಿಕ್ಕ ಯಂತ್ರಗಳೂ ಈಗ ಬಳಕೆಗೆ ಬಂದಿವೆ. ಮರ ಕೊಯ್ಯುವ ಚೈನ್ ಸಾ, ಕಳೆ ಹೊಡೆಯುವ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಔಷಧ ಸಿಂಪಡಿಸುವ ಯಂತ್ರ ಇವೇ ಮುಖ್ಯವಾದವುಗಳು. ಆಳುಗಳು ದೊರೆಯುವುದು ದುರ್ಲಭವಾಗಿರುವ ಕಾಲದಲ್ಲಿ ಇವುಗಳಿಂದ ಆಗುವ ಉಪಕಾರವು ಸಾಮಾನ್ಯವಲ್ಲ. ಆದರೆ ಕೊಂಡ ಒಂದೆರಡು ವರ್ಷಗಳಲ್ಲಿಯೇ ಯಂತ್ರವು ಹತ್ತದೆ ಹೋಯಿತೆಂದೂ, ಕೆಲಸದ ಮಧ್ಯದಲ್ಲಿ ಬಿಗಿದು ನಿಂತಿತೆಂದೂ ದೂರುವವರು ಅನೇಕರು. ಇಂಥ ಯಂತ್ರಗಳನ್ನು ಬಿಚ್ಚಿ ನೋಡಿದರೆ ಹಲವು ವೇಳೆ ಯಂತ್ರದಲ್ಲಿ ದೋಷವಿರುವುದಿಲ್ಲ. ಅದಕ್ಕೆ ಹಾಕಿದ ಪೆಟ್ರೋಲಿನಲ್ಲಿ ಇರುತ್ತದೆ. ಆದಕಾರಣ ಈ ವಿಷಯವನ್ನು ಹಿಡುವಳಿದಾರರೂ ಗ್ರಾಮದ ಮುಖಂಡರೂ ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯಕ.

ಯಂತ್ರದ ರಚನೆ

ಈ ಯಂತ್ರಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಜಾತಿಯವು. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬವರು 1891ರ ಸುಮಾರಿಗೆ ರೂಪಿಸಿದ ಕ್ರಮವೇ ಇವುಗಳಿಗೆ ಮೂಲ. ಕಾರಿನ ಎಂಜಿನ್ನಿನಲ್ಲಿ ತಳದ ಪಾತ್ರೆಯೊಳಗೆ ಎಣ್ಣೆಯು ಬೇರೆಯಾಗಿ ನಿಂತಿರುತ್ತದೆ. ಇದರಲ್ಲಿ ಹಾಗಿಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಣ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ತಳ್ಳಲ್ಪಟ್ಟು ಉರಿಯುತ್ತದೆ. ಒಳಗಿನ ಬೇರಿಂಗುಗಳಿಗೂ ಪಿಸ್ಟನ್ನಿಗೂ ಎಣ್ಣೆಯು ದೊರೆಯುವುದು ಈ ಮಿಶ್ರಣದ ಮೂಲಕ ಮಾತ್ರ. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸದಿದ್ದರೆ, ಅಥವಾ ಬೆರೆಸಿದ ಎಣ್ಣೆಯು ಒಳಗೆ ತಲುಪದಿದ್ದರೆ, ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿಗೂ ಮೀರಿ ತಿರುಗಬಲ್ಲ ಈ ಯಂತ್ರವು ಸ್ವಲ್ಪ ಹೊತ್ತಿನಲ್ಲಿಯೇ ಕಾದು ಬಿಗಿದುಹೋಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲವೂ ತಾನಾಗಿ ತಿಳಿಯುವುದು.

ಕಳೆ ಹೊಡೆಯುವ ಯಂತ್ರಗಳಲ್ಲಿ ಫೋರ್ ಸ್ಟ್ರೋಕ್ ಜಾತಿಯವೂ ಇವೆ. ಅವುಗಳಲ್ಲಿ ಬಹುಪಾಲಿನ ಪೆಟ್ರೋಲಿಗೆ ಎಣ್ಣೆ ಬೆರೆಸತಕ್ಕದ್ದಲ್ಲ. ಒಂದೇ ಮನೆಯಲ್ಲಿ ಎರಡು ಜಾತಿಯೂ ಇದ್ದರೆ ಕ್ಯಾನುಗಳನ್ನು ಬೇರೆಬೇರೆಯಾಗಿಟ್ಟು, ದೊಡ್ಡ ಅಕ್ಷರದಲ್ಲಿ ಬರೆದು ಗುರುತು ಮಾಡಬೇಕು.

ಎಣ್ಣೆಯ ಪ್ರಮಾಣ

ಯಂತ್ರದೊಡನೆ ಬರುವ ಕೈಪಿಡಿಯಲ್ಲಿ 50ಕ್ಕೆ 1 ಎಂದು ಬರೆದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. 40ಕ್ಕೆ 1 ಎಂದಿದ್ದರೆ 25 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಬಾಟಲಿಯ ಮುಚ್ಚಳದಲ್ಲಿ ಅಂದಾಜಿನಿಂದ ಸುರಿಯುವ ಪದ್ಧತಿಯು ಎಲ್ಲ ಕಡೆಯಲ್ಲಿಯೂ ಇದೆ, ಇದು ಸರಿಯಲ್ಲ. ಔಷಧದ ಅಂಗಡಿಯಲ್ಲಿ ದೊರೆಯುವ ಗುರುತು ಹಾಕಿದ ಅಳತೆಯ ಲೋಟವೊಂದನ್ನು ಕ್ಯಾನಿಗೆ ಕಟ್ಟಿಟ್ಟರೆ ಸಾಕು. ಮೊದಲು ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲನ್ನು ಹಾಕಿ ಪುನಃ ಕುಲುಕಬೇಕು. ಯಂತ್ರದ ಟ್ಯಾಂಕಿನೊಳಗೇ ಎರಡನ್ನೂ ಸುರಿದು ಬೆರೆಸುವುದು ಕೂಡದು.

ಹೆಚ್ಚು ಎಣ್ಣೆ ಹಾಕಿದರೆ ಯಂತ್ರಕ್ಕೆ ಹೆಚ್ಚು ಒಳ್ಳೆಯದೆಂಬ ಭಾವನೆಯೊಂದುಂಟು. ಹೆಚ್ಚಾದ ಎಣ್ಣೆಯು ಮಸಿಯಾಗಿ ಹೊಗೆ ಹೋಗುವ ದಾರಿಯನ್ನು ಕಟ್ಟುತ್ತದೆ, ಪ್ಲಗ್ಗನ್ನು ಕೆಡಿಸುತ್ತದೆ. ಅಲ್ಲದೆ ಎಣ್ಣೆಯು ಹಿಡಿದ ಸ್ಥಳದಷ್ಟು ಪೆಟ್ರೋಲು ಕಡಮೆಯಾಗುವುದರಿಂದ ಉರಿಯುವ ಮಿಶ್ರಣವೂ ತೆಳುವಾಗುತ್ತದೆ. ಎಣ್ಣೆಯು ಟೂ ಸ್ಟ್ರೋಕ್ ಯಂತ್ರಕ್ಕೆಂದೇ ಮಾಡಿದ್ದಾಗಿರಬೇಕು. ಕಾರಿನ ಎಣ್ಣೆಯನ್ನಾಗಲಿ, ಚೈನಿಗೆ ಬಿಡುವ ಎಣ್ಣೆಯನ್ನಾಗಲಿ ಇದಕ್ಕೆ ಬದಲಾಗಿ ಹಾಕಬಾರದು. ಚೈನ್ ಸಾದಲ್ಲಿ ಎರಡು ಮುಚ್ಚಳಗಳು ಇರುತ್ತವೆ. ಅವಸರದಲ್ಲಿ ಒಂದರದನ್ನು ಮತ್ತೊಂದಕ್ಕೆ ಸುರಿದವರು ಇಲ್ಲದಿಲ್ಲ.

ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರವು ಬೆರೆತಿರುತ್ತದೆ. ಕಬ್ಬಿನ ಕಾಕಂಬಿ, ಜೋಳ, ಅಕ್ಕಿ ಮೊದಲಾದವುಗಳಿಂದ ತಯಾರಾಗುವ ಇದನ್ನು ನೂರಕ್ಕೆ ಹತ್ತರಂತೆ ಬೆರೆಸುವ ಗುರಿಯು 2022ರಲ್ಲಿ ನಮ್ಮ ದೇಶದಲ್ಲಿ ಪೂರ್ಣವಾಯಿತು. ನೂರಕ್ಕೆ ಇಪ್ಪತ್ತರ ಪೆಟ್ರೋಲಿನ ಮಾರಾಟವು 2023ನೆಯ ಫೆಬ್ರವರಿ ತಿಂಗಳಿನಲ್ಲಿ ಬೆಂಗಳೂರಿನಲ್ಲಿಯೇ ಆರಂಭಿಸಲ್ಪಟ್ಟು, 2025ರ ಹೊತ್ತಿಗೆ ದೇಶವೆಲ್ಲವನ್ನೂ ವ್ಯಾಪಿಸಿತು. ಕಬ್ಬಿನ ಬೆಳೆಗಾರರಿಗೂ ವಿದೇಶಕ್ಕೆ ಹೋಗುವ ಹಣದ ಉಳಿತಾಯಕ್ಕೂ ಇದರಿಂದ ಅನುಕೂಲವುಂಟು; ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಚಿಕ್ಕ ಯಂತ್ರವುಳ್ಳವನು ಇದರ ಗುಣಗಳನ್ನು ತಿಳಿಯದಿದ್ದರೆ ನಷ್ಟಕ್ಕೆ ಗುರಿಯಾಗುವನು.

ಒಂದನೆಯದಾಗಿ, ಒಂದು ಪಾಲು ಶುದ್ಧ ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಹೊಸ ಕಾರುಗಳಲ್ಲಿ ಈ ವ್ಯತ್ಯಾಸವನ್ನು ಯಂತ್ರವೇ ಅರಿತು ಪೆಟ್ರೋಲನ್ನು ಹೆಚ್ಚಿಸಿಕೊಳ್ಳುತ್ತದೆ. ಸಾಧಾರಣ ಚೈನ್ ಸಾದ ಕಾರ್ಬ್ಯುರೇಟರಿಗೆ ಆ ಜಾಣತನವಿಲ್ಲ. ಅದು ತಿರುಪಿನಿಂದ ಗೊತ್ತು ಮಾಡಿದಷ್ಟನ್ನೇ ಬಿಡುತ್ತದೆ. ಹೀಗಾಗಿ ಶುದ್ಧ ಪೆಟ್ರೋಲಿಗೆ ಸರಿಪಡಿಸಿದ ಯಂತ್ರವು ಇಪ್ಪತ್ತರ ಮಿಶ್ರಣದಲ್ಲಿ ಸ್ವಲ್ಪ ಹಸಿದು ನಡೆಯುತ್ತದೆ. ಹಸಿದು ನಡೆದ ಯಂತ್ರವು ಕಾಯುತ್ತದೆ. ಅನೇಕ ಕೈಯಂತ್ರಗಳ ಕೈಪಿಡಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎಥನಾಲ್ ಇರಬಾರದೆಂದು ಬರೆದಿದೆ. ತಮ್ಮ ಯಂತ್ರವು ಎಷ್ಟನ್ನು ತಡೆಯುವುದೆಂಬುದನ್ನು ಕೊಳ್ಳುವಾಗಲೇ ಮಾರುವವನಿಂದ ಬರಹದಲ್ಲಿ ತಿಳಿದುಕೊಳ್ಳುವುದು ಮೇಲು. ಕಾರ್ಬ್ಯುರೇಟರನ್ನು ಹೊಂದಿಸುವ ಕೆಲಸವನ್ನು ತಿಳಿದ ಮೇಸ್ತ್ರಿಗೆ ಬಿಡಬೇಕು. ಕಿವಿಗೆ ಇಂಪಾಗಿ ಕಿರಿಚುವ ಯಂತ್ರವೇ ಚುರುಕಾದ ಯಂತ್ರವೆಂದು ತಿಳಿದು ತಿರುಪನ್ನು ಬಿಗಿ ಮಾಡುವವರು ಪಿಸ್ಟನ್ನನ್ನು ತಮ್ಮ ಕೈಯಿಂದಲೇ ಸುಡುತ್ತಾರೆ.

ಎರಡನೆಯದು ಇದಕ್ಕಿಂತಲೂ ಕೆಟ್ಟದ್ದು. ಎಥನಾಲಿಗೆ ನೀರಿನ ಮೇಲೆ ಬಹಳ ಆಸೆ. ನೂರಕ್ಕೆ ಹತ್ತರ ಮಿಶ್ರಣದ ಒಂದು ಲೀಟರಿನಲ್ಲಿ ಸುಮಾರು 4ರಿಂದ 5 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚೆಯಷ್ಟು ನೀರು ಕಣ್ಣಿಗೆ ಕಾಣದೆ ಕರಗಿ ನಿಲ್ಲಬಲ್ಲದು. ಇಪ್ಪತ್ತರ ಮಿಶ್ರಣವು ಇನ್ನೂ ಹೆಚ್ಚಾಗಿ ಕುಡಿಯುತ್ತದೆ. ಮಿತಿಯನ್ನು ದಾಟಿದೊಡನೆ, ಅಥವಾ ರಾತ್ರಿ ಚಳಿ ಹೆಚ್ಚಿದಾಗ, ನೀರೂ ಎಥನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಎಣ್ಣೆಯಾದರೋ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಯಂತ್ರದ ಟ್ಯಾಂಕಿನಲ್ಲಿ ಪೆಟ್ರೋಲನ್ನು ಹೀರುವ ನಳಿಕೆಯ ತುದಿಯು ತಳದಲ್ಲಿ ಇರುತ್ತದೆ. ಆದ್ದರಿಂದ ಯಂತ್ರವು ಮೊದಲು ಹೀರುವುದು ಎಣ್ಣೆಯಿಲ್ಲದ ಆ ತಳದ ನೀರುಸಾರವನ್ನೇ. ಹತ್ತಿದರೂ ಕೆಮ್ಮಿ ಕೆಮ್ಮಿ ನಿಲ್ಲುವುದು. ಹಟದಿಂದ ನಡೆಸಿದರೆ ಒಳಗೆ ಒಣಗಿ ಉಜ್ಜಿ ಹಾಳಾಗುವುದು. ಎಣ್ಣೆಯನ್ನು ಸರಿಯಾಗಿ ಬೆರೆಸಿದ್ದೆನೆಂದು ಯಜಮಾನನು ಪ್ರಮಾಣ ಮಾಡಿ ಹೇಳುವುದು ನಿಜವೇ ಆಗಿರುತ್ತದೆ.

ಜೂನ್ ತಿಂಗಳಿನಲ್ಲಿ ಅರ್ಧ ಪೆಟ್ರೋಲಿನೊಡನೆ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ ಚೈನ್ ಸಾವು ಮಳೆಗಾಲ ಮುಗಿದ ಮೇಲೆ ಹತ್ತದಿರುವುದಕ್ಕೆ ಇದೊಂದು ಕಾರಣ. ಮತ್ತೊಂದು ಕಾರಣವೆಂದರೆ, ಹಗುರವಾದ ಅಂಶವೆಲ್ಲ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುವುದು. ಅದರೊಳಗೆ ತೆಳುವಾದ ಪೊರೆಯೊಂದಿದೆ. ಯಂತ್ರವನ್ನು ಓರೆಯಾಗಿ, ತಲೆಕೆಳಗಾಗಿ ಹಿಡಿದರೂ ಪೆಟ್ರೋಲು ಬರುವುದು ಆ ಪೊರೆಯ ಉಪಾಯದಿಂದ. ಹಳಸಿದ ಪೆಟ್ರೋಲಿನಲ್ಲಿ ನೆನೆದು ಒಣಗಿದರೆ ಅದು ಒಣಗಿದ ಬಾಳೆಪಟ್ಟೆಯಂತೆ ಬಿರುಸಾಗುತ್ತದೆ. ಹಳೆಯ ಯಂತ್ರಗಳ ರಬ್ಬರ್ ನಳಿಕೆಗಳೂ ಬಿರಿಯುತ್ತವೆ.

ಆದಕಾರಣ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರ ಮಾಡಿಕೊಂಡು, ಬೆರೆಸಿದ ತಾರೀಖನ್ನು ಕ್ಯಾನಿನ ಮೇಲೆ ಬರೆಯಬೇಕು. ಕ್ಯಾನಿನ ಬಾಯಿ ಭದ್ರವಾಗಿರಬೇಕು. ಸೋರುವ ಮಾಡಿನ ಕೆಳಗೆ ಇಡಬಾರದು. ಮೂರು ನಾಲ್ಕು ವಾರಗಳ ಕಾಲ ಕೆಲಸವಿಲ್ಲವೆಂದು ಕಂಡರೆ ಟ್ಯಾಂಕನ್ನು ಬರಿದು ಮಾಡಿ, ಯಂತ್ರವನ್ನು ಹತ್ತಿಸಿ ತಾನಾಗಿ ನಿಲ್ಲುವವರೆಗೆ ನಡೆಸಿ ಇಡಬೇಕು. ತೆಗೆದ ಪೆಟ್ರೋಲನ್ನು ಹಳ್ಳಕ್ಕಾಗಲಿ ಬಾವಿಯ ಸಮೀಪಕ್ಕಾಗಲಿ ಚೆಲ್ಲಕೂಡದು.

ಎಥನಾಲ್ ಎಷ್ಟಿದೆಯೆಂದು ನೋಡಬೇಕಾದರೆ ಗುರುತುಳ್ಳ ಗಾಜಿನ ಕೊಳವೆಯಲ್ಲಿ 20 ಮಿಲಿಲೀಟರ್ ನೀರು, 100 ಮಿಲಿಲೀಟರ್ ಎಣ್ಣೆ ಬೆರೆಸದ ಪೆಟ್ರೋಲು ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಿರಿ. ತಳದ ಪದರವು 20ರಲ್ಲಿಯೇ ನಿಂತರೆ ಎಥನಾಲ್ ಇಲ್ಲ. 30ರ ಹತ್ತಿರಕ್ಕೆ ಏರಿದರೆ ನೂರಕ್ಕೆ ಹತ್ತರಷ್ಟು, 40ರ ಹತ್ತಿರಕ್ಕೆ ಏರಿದರೆ ಇಪ್ಪತ್ತರಷ್ಟು ಇದೆಯೆಂದು ಸ್ಥೂಲವಾಗಿ ತಿಳಿಯಬಹುದು. ಈ ಪರೀಕ್ಷೆಯನ್ನು ಬಯಲಿನಲ್ಲಿ, ಬೆಂಕಿ ದೀಪಗಳಿಂದ ದೂರದಲ್ಲಿ ಮಾಡಬೇಕು. ಪರೀಕ್ಷಿಸಿದ ಪೆಟ್ರೋಲು ಯಂತ್ರಕ್ಕೆ ಬರತಕ್ಕದ್ದಲ್ಲ.

ಯಂತ್ರವು ನಿಂತಾಗ

ಹತ್ತದಿದ್ದರೆ ಹಗ್ಗವನ್ನು ಎಳೆದು ತೋಳು ಸೋಲಿಸಿಕೊಳ್ಳುವ ಮೊದಲು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಟ್ಯಾಂಕಿನ ಒಳಗಿನ ಚಿಕ್ಕ ಫಿಲ್ಟರನ್ನೂ ನಳಿಕೆಯನ್ನೂ ನೋಡಿರಿ. ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿ ತುಂಬಿದೆ. ಸ್ವಿಚ್ಚನ್ನು ಆರಿಸಿ, ಪ್ಲಗ್ಗಿಲ್ಲದೆ ನಾಲ್ಕಾರು ಸಲ ಹಗ್ಗವನ್ನು ಎಳೆದು, ಪ್ಲಗ್ಗನ್ನು ಒರೆಸಿ ಹಾಕಿ, ಚೋಕ್ ಇಲ್ಲದೆ ಹತ್ತಿಸಬೇಕು. ಹತ್ತು ನಿಮಿಷ ಚೆನ್ನಾಗಿ ನಡೆದು ನಿಲ್ಲುವ ಯಂತ್ರದ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿರಿ. ಆ ಮೇಲೆ ಹತ್ತಿದರೆ ಟ್ಯಾಂಕಿಗೆ ಗಾಳಿ ಹೋಗುವ ರಂಧ್ರವು ಕಟ್ಟಿದೆಯೆಂದು ತಿಳಿಯಬೇಕು. ಆಕ್ಸಿಲರೇಟರ್ ಬಿಟ್ಟರೂ ವೇಗವು ಇಳಿಯದಿದ್ದರೆ ಎಲ್ಲಿಯೋ ಹೊರಗಿನ ಗಾಳಿಯು ಒಳನುಗ್ಗುತ್ತಿರುವ ಸಂಭವವುಂಟು. ಅಂಥ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಬೇಕು.

ಪೆಟ್ರೋಲು ತುಂಬುವುದು ಯಂತ್ರವು ತಣಿದ ಮೇಲೆ. ತುಂಬಿದ ಸ್ಥಳದಿಂದ ಮೂರು ಮೀಟರಾದರೂ ದೂರ ಹೋಗಿ ಹತ್ತಿಸಬೇಕು. ಆ ಹೊತ್ತಿನಲ್ಲಿ ಬೀಡಿಯು ಬಾಯಿಯಲ್ಲಿಯೂ ಇರಕೂಡದು, ಪಕ್ಕದವನ ಕೈಯಲ್ಲಿಯೂ ಇರಕೂಡದು. ಕುಡಿಯುವ ನೀರಿನ ಬಾಟಲಿಗಳಲ್ಲಿ ಈ ಬಣ್ಣದ ಪೆಟ್ರೋಲನ್ನು ತುಂಬಿಡುವ ಪದ್ಧತಿಯನ್ನು ಮಕ್ಕಳಿರುವ ಮನೆಯವರು ಇಂದೇ ನಿಲ್ಲಿಸಬೇಕು.

ಬಾಡಿಗೆಯ ಯಂತ್ರ ಮತ್ತು ವ್ಯಾಜ್ಯ

ಹಲವು ಗ್ರಾಮಗಳಲ್ಲಿ ನಾಲ್ಕೈದು ಮನೆಯವರು ಕೂಡಿ ಒಂದು ಯಂತ್ರವನ್ನು ಇಟ್ಟುಕೊಳ್ಳುವುದೂ, ಒಬ್ಬರದನ್ನು ಮತ್ತೊಬ್ಬರು ಕೇಳಿ ಒಯ್ಯುವುದೂ ಉಂಟು. ಯಂತ್ರವು ಬಿಗಿದಾಗ, ಒಯ್ದವನು ಎಣ್ಣೆ ಹಾಕಲಿಲ್ಲವೆಂದು ಕೊಟ್ಟವನೂ, ಕೊಡುವಾಗಲೇ ಕೆಟ್ಟಿತ್ತೆಂದು ಒಯ್ದವನೂ ಹೇಳುತ್ತ, ಮಾತು ಮುಖಂಡರ ಜಗಲಿಗೆ ಬರುತ್ತದೆ. ಇಂಥಲ್ಲಿ ಬಾಯಿಮಾತಿಗಿಂತ ಪಿಸ್ಟನ್ನಿನ ಸಾಕ್ಷ್ಯವು ಹೆಚ್ಚಿನದು. ಹೊಗೆಯ ಡಬ್ಬಿಯನ್ನು ಮೇಸ್ತ್ರಿಯಿಂದ ಬಿಚ್ಚಿಸಿ ಒಳಗೆ ನೋಡಿದರೆ, ಹೊಗೆ ಹೋಗುವ ಪಕ್ಕದಲ್ಲಿ ಉದ್ದುದ್ದವಾದ ಗೀರುಗಳಿದ್ದಲ್ಲಿ ಎಣ್ಣೆಯ ಕೊರತೆ ಅಥವಾ ತೆಳುವಾದ ಮಿಶ್ರಣವೆಂದು ಸಾಧಾರಣವಾಗಿ ಹೇಳಬಹುದು. ಗಾಳಿ ಒಳಬರುವ ಪಕ್ಕದಲ್ಲಿ ಸವೆದು ಮಂಕಾಗಿದ್ದರೆ, ಗಾಳಿಯ ಫಿಲ್ಟರನ್ನು ಬಹುಕಾಲ ತೊಳೆಯದೆ ಧೂಳು ಹೋಗಿರುವ ಸಂಭವವೇ ಹೆಚ್ಚು. ಅದು ಒಂದು ದಿನದಲ್ಲಿ ಆಗುವ ಕೆಲಸವಲ್ಲವಾದ್ದರಿಂದ ನಿನ್ನೆ ಒಯ್ದವನ ಮೇಲೆ ಹೊರಿಸುವುದು ನ್ಯಾಯವಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನೂ ಚೆಲ್ಲದೆ ಗಾಜಿನ ಸೀಸೆಗೆ ಬಗ್ಗಿಸಿ ನೋಡತಕ್ಕದ್ದು. ತಳದಲ್ಲಿ ಬೇರೆ ಪದರವೊಂದು ಕಂಡರೆ ನೀರು ಸೇರಿದೆಯೆಂದು ಸ್ಪಷ್ಟವಾಗುವುದು. ಆಗ ಆ ಕ್ಯಾನು ಯಾರ ಮನೆಯಲ್ಲಿ, ಎಷ್ಟು ದಿನ, ಯಾವ ಮಾಡಿನ ಕೆಳಗೆ ಇತ್ತೆಂಬುದನ್ನು ವಿಚಾರಿಸಬೇಕು. ಕೂಡಿ ಯಂತ್ರವಿಟ್ಟುಕೊಂಡವರು ಕ್ಯಾನನ್ನೂ ಅಳತೆಯ ಲೋಟವನ್ನೂ ಯಂತ್ರದೊಡನೆಯೇ ಮನೆಯಿಂದ ಮನೆಗೆ ಕಳುಹಿಸುವ ಏರ್ಪಾಡು ಮಾಡಿಕೊಂಡರೆ ಈ ವಿಚಾರಣೆಯೂ ಬಹುಮಟ್ಟಿಗೆ ಬೇಕಾಗುವುದಿಲ್ಲ.